ಬುಧವಾರ ಅರ್ಧ ಗುಳಿಗೆ

ಸಾಗರದಿಂದ ಒಳಗೆ, ಬಸ್ಸು ದಿನಕ್ಕೆ ನಾಲ್ಕೇ ಸಲ ಬರುವ ಊರು. ಡಿಸೆಂಬರ್ ರಾತ್ರಿ. ಅಂಗಳದ ಚಪ್ಪರದಡಿ ಅಡಿಕೆ ಸುಲಿಯುವವರ ಸಾಲು. ಬಲ್ಲವರು ಮೆಟ್ಟುಗತ್ತಿಯ ಮೇಲೆ ಕೂತು ಕೈಯ ಕಡೆ ನೋಡದೆಯೇ ಹರಟುತ್ತಾರೆ. ನನ್ನ ಕಣ್ಣೆಲ್ಲ ಕೈಮೇಲೇ ಇದ್ದುದರಿಂದ ನನಗೆ ಹರಟೆ ದಕ್ಕಲಿಲ್ಲ, ಕಿವಿ ಮಾತ್ರ ಬಿಡುವಾಗಿತ್ತು.

ಮನೆಯ ಯಜಮಾನರಿಗೆ ಎಪ್ಪತ್ತೆರಡು. ಅವರ ತಮ್ಮನ ಮಗಳು ಬೆಂಗಳೂರಿನಲ್ಲಿ ಮೆಡಿಸಿನ್ ಎಂಡಿ ಓದುತ್ತಿರುವವಳು, ನಾಲ್ಕು ದಿನದ ರಜೆಗೆ ಬಂದಿದ್ದಳು. ದೊಡ್ಡಮ್ಮ ಮಾತ್ರ ಸುಲಿಯುವ ಸಾಲಿನಲ್ಲಿರಲಿಲ್ಲ. ರಕ್ತ ತೆಳುವಾಗಿಸುವ ಗುಳಿಗೆ ಶುರುವಾದ ಮೇಲೆ, ಹನ್ನೊಂದು ವರ್ಷದಿಂದ, ಅವರಿಗೆ ಮೆಟ್ಟುಗತ್ತಿ ಮುಟ್ಟುವ ಹಾಗಿಲ್ಲ. ಸುಲಿದದ್ದನ್ನು ಬುಟ್ಟಿಗೆ ತುಂಬಿಕೊಂಡು ಹಂಡೆಯ ಕಡೆ ಓಡಾಡುತ್ತಿದ್ದರು. ಮಾತು ಶುರುವಾದದ್ದು ಅಲ್ಲಿಂದ.

ದೊಡ್ಡಪ್ಪ: ಇವಳ ಕೈಯಷ್ಟು ಚುರುಕು ಈ ಕೇರಿಯಲ್ಲೇ ಯಾರಿಗೂ ಇರಲಿಲ್ಲ ಕೂಸೇ. ಈಗ ನೋಡು, ಒಂದು ಸಣ್ಣ ಗುಳಿಗೆ ಕೈ ಕಟ್ಟಿಹಾಕಿ ಕೂರಿಸಿಬಿಟ್ಟಿದೆ. ಮೇಲಿನಮನೆಯವನಿಗೂ ಇದೇ ಕಾಯಿಲೆ. ಅವನಿಗೆ ಹೊಸ ಗುಳಿಗೆ ಬರೆದಿದ್ದಾರೆ. ತಿಂಗಳಿಗೊಮ್ಮೆ ಸಾಗರಕ್ಕೆ ಹೋಗಿ ರಕ್ತ ಕೊಡುವುದಿಲ್ಲ, ಸೊಪ್ಪು ಮುಟ್ಟಬೇಡ ಅನ್ನುವವರಿಲ್ಲ. ಇವಳಿಗೆ ಯಾಕೆ ಬರೆಯಬಾರದು?

ಹುಡುಗಿ: ಇದೇ ಕಾಯಿಲೆ ಅಂತ ನಿಮಗೆ ಹೇಳಿದ್ದು ಯಾರು?

ದೊಡ್ಡಪ್ಪ: ಅವನ ಚೀಟಿಯೇ ಹೇಳುತ್ತದಲ್ಲ. ಎಎಫ್ ಅಂತ ಬರೆದಿದೆ. ಇವಳ ಫೈಲಿನಲ್ಲೂ ಎಎಫ್.

ಹುಡುಗಿ: ಎರಡಕ್ಷರ ಒಂದೇ, ಹೃದಯ ಬೇರೆ ದೊಡ್ಡಪ್ಪ. ಮೇಲಿನ ಎರಡು ಕೋಣೆ ಲಯ ತಪ್ಪಿ ಸುಮ್ಮನೆ ಅದುರುತ್ತಿರುತ್ತವೆ, ರಕ್ತ ಅಲ್ಲೇ ನಿಂತು ಗಟ್ಟಿಯಾಗುತ್ತದೆ, ಆ ಗಟ್ಟಿ ಮಿದುಳಿಗೆ ಹೋದರೆ ಲಕ್ವ. ಇಷ್ಟು ಇಬ್ಬರಿಗೂ ಸಮ. ಆದರೆ ದೊಡ್ಡಮ್ಮನಿಗೆ ಸಣ್ಣವಳಿದ್ದಾಗ ಗಂಟಲು ನೋವು, ಆಮೇಲೆ ಮಂಡಿ ಬಾವು ಬಂದಿತ್ತಲ್ಲ? ಆ ರುಮ್ಯಾಟಿಕ್ ಜ್ವರ ವಾಲ್ವನ್ನು ಕಚ್ಚಿ ಹೋಗಿದೆ. ವಾಲ್ವು ಕಿರಿದಾಗಿತ್ತು ಅಂತಲೇ ಬಲೂನ್ ಹಾಕಿ ಅಗಲ ಮಾಡಿದ್ದು. ಮತ್ತೆ ಕಿರಿದಾಗುತ್ತಿದೆ. ತೋಟದ ಬಸಿಗಾಲುವೆಗೆ ಮಣ್ಣು ಕಟ್ಟಿಕೊಂಡರೆ ಹೇಗೆ? ಹಾಗೆ. ಮೇಲಿನಮನೆ ಮಾವನ ಕಾಲುವೆ ಸರಿಯಿದೆ, ನೀರಿನ ಓಟ ಮಾತ್ರ ಮಂದ.

ದೊಡ್ಡಪ್ಪ: ನೀರು ನಿಂತದ್ದು ನಿಂತದ್ದೇ. ಗಟ್ಟಿಯಾಗದ ಹಾಗೆ ನೋಡಿಕೊಳ್ಳುವುದಷ್ಟೇ ಗುಳಿಗೆಯ ಕೆಲಸ. ಕಾಲುವೆ ಯಾಕೆ ಕಟ್ಟಿತು ಅಂತ ಗುಳಿಗೆಗೆ ಏನು ಗೊತ್ತು?

ಹುಡುಗಿ: ಎಲ್ಲರೂ ಹಾಗೇ ಅಂದುಕೊಂಡಿದ್ದರು. ನಾನೂ ಅಂದುಕೊಂಡಿದ್ದೆ.

ಸುಲಿಯುವವರಲ್ಲಿ ಒಬ್ಬರು ‘ಹೂಂ’ ಎಂದರು. ಯಾವುದಕ್ಕೆ ಎಂದು ತಿಳಿಯಲಿಲ್ಲ.

ದೊಡ್ಡಪ್ಪ: ಮತ್ತೆ?

ಹುಡುಗಿ: ಹೊಸ ಗುಳಿಗೆಗಳ ಹೆಸರು ಬಂದದ್ದು ದೊಡ್ಡ ದೊಡ್ಡ ಪರೀಕ್ಷೆಗಳಿಂದ. 2009ರಲ್ಲಿ ಡಾಬಿಗಟ್ರಾನ್, 2011ರಲ್ಲಿ ಎಪಿಕ್ಸಬಾನ್. ಒಂದೊಂದರಲ್ಲೂ ಹದಿನೆಂಟು ಸಾವಿರಕ್ಕಿಂತ ಹೆಚ್ಚು ಜನ. ಹಳೆ ವಾರ್ಫರಿನ್‌ಗಿಂತ ಲಕ್ವ ಕಡಿಮೆ, ಮಿದುಳಿನೊಳಗೆ ರಕ್ತ ಸೋರುವುದಂತೂ ಬಹಳ ಕಡಿಮೆ. ಎಪಿಕ್ಸಬಾನ್ ತಿಂದವರಲ್ಲಿ ಸಾವೂ ಒಂದಿಷ್ಟು ಕಡಿಮೆ. ಮೇಲಿನಮನೆ ಮಾವನಿಗೆ ಬರೆದದ್ದು ಸರಿಯಾಗಿಯೇ ಇದೆ. ಆದರೆ ಆ ಪರೀಕ್ಷೆಗಳಿಗೆ ಜನರನ್ನು ಆರಿಸುವಾಗ ದೊಡ್ಡಮ್ಮನ ಹಾಗೆ ವಾಲ್ವು ಕಿರಿದಾದವರನ್ನು ಬಾಗಿಲಲ್ಲೇ ವಾಪಸು ಕಳಿಸಿದ್ದರು. ಶ್ರೀಮಂತ ದೇಶಗಳಲ್ಲಿ ಈ ಕಾಯಿಲೆ ಈಗ ಅಪರೂಪ. ಹೆಚ್ಚಾಗಿ ಇರುವುದು ನಮ್ಮಲ್ಲಿ, ಆಫ್ರಿಕಾದಲ್ಲಿ, ಲ್ಯಾಟಿನ್ ಅಮೆರಿಕದಲ್ಲಿ.

ದೊಡ್ಡಪ್ಪ: ಅಂದರೆ ನಮ್ಮವರ ಮೇಲೆ ನೋಡಲೇ ಇಲ್ಲ.

ಹುಡುಗಿ: ಆಮೇಲೆ ನೋಡಿದರು. ಇನ್ವಿಕ್ಟಸ್ ಅಂತ ಹೆಸರು. 24 ದೇಶ, ನಾಲ್ಕೂವರೆ ಸಾವಿರ ಜನ, ಮುಕ್ಕಾಲು ಪಾಲಿಗೆ ಹತ್ತಿರ ಹೆಂಗಸರು, ಸರಾಸರಿ ಐವತ್ತರ ಪ್ರಾಯ. ನಮ್ಮ ದೇಶದ ರೋಗಿಗಳೂ ಇದ್ದರು. ಮುಂದೆ ನಿಂತು ನಡೆಸಿದವರಲ್ಲಿ ಆಗ ದೆಹಲಿ ಏಮ್ಸ್‌ನಲ್ಲಿದ್ದ ಗಣೇಶನ್ ಕಾರ್ತಿಕೇಯನ್ ಒಬ್ಬರು. ಅರ್ಧ ಜನಕ್ಕೆ ಹೊಸ ಗುಳಿಗೆ ರಿವರಾಕ್ಸಬಾನ್, ಇನ್ನರ್ಧಕ್ಕೆ ಹಳೆಯದು. ಹೊಸದು ಹಳೆಯದಕ್ಕೆ ಸಮ ಅಂತ ತೋರಿಸಿದರೂ ಸಾಕು, ರಕ್ತ ಪರೀಕ್ಷೆಯ ಕಾಟ ತಪ್ಪುತ್ತದಲ್ಲ ಅಂತ ಶುರು ಮಾಡಿದ್ದು. 2022ರಲ್ಲಿ ಫಲಿತಾಂಶ ಬಂತು. ಲಕ್ವ, ಹೃದಯಾಘಾತ, ಸಾವು ಎಲ್ಲ ಒಟ್ಟು ಸೇರಿಸಿ ಲೆಕ್ಕ ಹಾಕಿದರೆ ಹಳೆ ಗುಳಿಗೆಯವರಲ್ಲಿ 446 ಜನ, ಹೊಸ ಗುಳಿಗೆಯವರಲ್ಲಿ 560.

ದೊಡ್ಡಪ್ಪ: ಹಳೆಯದೇ ಮೇಲಾಯಿತು ಅನ್ನು.

ಹುಡುಗಿ: ಅದೂ ಬರೀ ಲಕ್ವದಲ್ಲಿ ಅಲ್ಲ, ಸಾವಿನ ಲೆಕ್ಕದಲ್ಲೇ.

ದೊಡ್ಡಪ್ಪ ಸುಲಿಯುವುದನ್ನು ನಿಲ್ಲಿಸಿದರು. ನನಗೆ ಅನ್ನಿಸಿದ್ದು: ಹಳೆಯದು ಗೆದ್ದಿತು ಎಂದರೆ ಈ ವಯಸ್ಸಿನವರಿಗೆ ಖುಷಿಯಾಗಬೇಕಿತ್ತು. ಅವರಿಗೆ ಆಗಲಿಲ್ಲ. ತಿಂಗಳು ತಿಂಗಳು ಬಸ್ಸಿನಲ್ಲಿ ಜೊತೆಗೆ ಹೋಗುವವರು ಅವರೇ.

ದೊಡ್ಡಪ್ಪ: ಯಾಕೆ ಹಾಗಾಯಿತಂತೆ?

ಹುಡುಗಿ: ಖಚಿತವಾಗಿ ಹೇಳಲು ಯಾರಿಗೂ ಬರುವುದಿಲ್ಲ. ಒಂದು ಊಹೆ ಇದೆ. ಹಳೆ ಗುಳಿಗೆ ತಿನ್ನುವವರು ತಿಂಗಳಿಗೊಮ್ಮೆ ರಕ್ತ ಕೊಡಲಿಕ್ಕೆ ಬರಲೇಬೇಕು. ಬಂದಾಗ ಯಾರಾದರೂ ಮುಖ ನೋಡುತ್ತಾರೆ, ಕಾಲು ಊದಿದೆಯಾ, ಉಬ್ಬಸ ಇದೆಯಾ ಅಂತ ಕೇಳುತ್ತಾರೆ. ಗುಳಿಗೆಯ ಜೊತೆಗೆ ಆ ಹೋಗಿಬರುವುದೂ ಕೆಲಸ ಮಾಡಿರಬಹುದು.

ದೊಡ್ಡಪ್ಪ: ಒಳ್ಳೆ ಕತೆ! ಬೆಳಗ್ಗೆ ಆರೂವರೆ ಬಸ್ಸಿಗೆ ಹೊರಟು, ಲ್ಯಾಬ್ ಮುಂದೆ ಕೂತು, ರಿಪೋರ್ಟು ಹಿಡಿದು ಡಾಕ್ಟರ ಬಾಗಿಲಲ್ಲಿ ನಿಂತು, ಮನೆ ಸೇರುವಾಗ ಮೂರು ಗಂಟೆ. ಆ ದಿನದ ತೋಟದ ಕೆಲಸ ಮಣ್ಣುಪಾಲು. ಅದನ್ನೂ ಔಷಧ ಅಂತ ಬರೆದುಕೊಳ್ಳಬೇಕಾ? ಮುಖ ನೋಡುವುದರಿಂದ ಜನ ಬದುಕುತ್ತಾರೆ ಅನ್ನುವುದಾದರೆ ಮುಖ ನೋಡುವವರನ್ನೇ ಈ ಕಡೆ ಕಳಿಸಿ. ಸಕ್ಕರೆ ನೋಡುವ ಹಾಗೆ ಬೆರಳು ಚುಚ್ಚಿ ನೋಡುವ ಯಂತ್ರ ಇದಕ್ಕೂ ಇದೆಯಂತಲ್ಲ?

ಹುಡುಗಿ: ಇದೆ. ಪಟ್ಟಿ ದುಬಾರಿ. ನಮ್ಮ ಪಿಎಚ್‌ಸಿಯಲ್ಲಿ ಒಂದಿದ್ದರೆ ಈ ಮಾತೇ ಬರುತ್ತಿರಲಿಲ್ಲ. ಅಲ್ಲಿ ನನ್ನ ಹತ್ತಿರ ಉತ್ತರ ಇಲ್ಲ ದೊಡ್ಡಪ್ಪ.

ದೊಡ್ಡಪ್ಪ: ಇನ್ನೊಂದು. ಪರೀಕ್ಷೆ ಮಾಡಿದ್ದು ಒಂದು ಹೊಸ ಗುಳಿಗೆ. ನೀನೇ ಈಗ ಮೂರರ ಹೆಸರು ಹೇಳಿದೆ. ಒಂದು ಮಾವಿನಕಾಯಿ ಹುಳಿ ಅಂತ ಮರದ ಕಾಯೆಲ್ಲ ಹುಳಿಯಾ?

ಹುಡುಗಿ: ಇರಲಿಕ್ಕಿಲ್ಲ. ಆದರೆ ಕಚ್ಚಿ ನೋಡುವುದು ದೊಡ್ಡಮ್ಮನಿಂದ ಶುರುವಾಗುವುದು ಬೇಡ. ಲೋಹದ ವಾಲ್ವು ಹಾಕಿಸಿಕೊಂಡವರಿಗೆ ಡಾಬಿಗಟ್ರಾನ್ ಕೊಟ್ಟು ನೋಡಿದರು. 2012ರಲ್ಲಿ ಆ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಗಟ್ಟಿಯಾಗುವುದೂ ಹೆಚ್ಚು, ಸೋರುವುದೂ ಹೆಚ್ಚು. ಆಮೇಲೆ ಎಪಿಕ್ಸಬಾನ್‌ನದ್ದೂ ಹಾಗೇ ನಿಂತಿತು. ಅದಕ್ಕೇ ಲೋಹದ ವಾಲ್ವಿನವರಿಗೆ ಇವತ್ತಿಗೂ ಹಳೆಯದೇ. ಮತ್ತೆ, ಹೊಸ ಗುಳಿಗೆ ತಿಂದರೂ ಮೆಟ್ಟುಗತ್ತಿ ಕೈಗೆ ಕೊಡುವ ಹಾಗಿಲ್ಲ, ತಿಳಿದಿರಲಿ. ರಕ್ತ ನಿಲ್ಲುವುದು ತಡವಾಗಲಿ ಅಂತಲೇ ಅದನ್ನೂ ಕೊಡುವುದು.

ದೊಡ್ಡಮ್ಮ ಬುಟ್ಟಿ ಎತ್ತಿಕೊಳ್ಳಲು ಬಂದವರು ಒಂದು ಕ್ಷಣ ನಿಂತು, ಏನೂ ಹೇಳದೆ ಹೋದರು.

ದೊಡ್ಡಪ್ಪ: ಇದು ಮೊದಲು ಇಲಿ ಪಾಷಾಣವಾಗಿತ್ತಂತೆ, ಹೌದಾ? ಸಾಗರದ ಲ್ಯಾಬಿನಲ್ಲಿ ಯಾರೋ ಹೇಳುತ್ತಿದ್ದರು. ನಾನು ಇವಳಿಗೆ ಹೇಳಿಲ್ಲ.

ಹುಡುಗಿ: ಇಲಿಗಿಂತ ಮೊದಲು ದನ. ಅಮೆರಿಕದಲ್ಲಿ, ಕೆನಡಾದಲ್ಲಿ ಬೂಸಲು ಹಿಡಿದ ಒಂದು ಜಾತಿಯ ಮೇವು ತಿಂದ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯುತ್ತಿದ್ದವು. 1933ರಲ್ಲಿ ವಿಸ್ಕಾನ್ಸಿನ್‌ನ ಒಬ್ಬ ರೈತ, ಹಿಮ ಸುರಿಯುತ್ತಿದ್ದಾಗ, ಸತ್ತ ಕಡಸನ್ನೂ ಹೆಪ್ಪುಗಟ್ಟದ ಒಂದು ಕ್ಯಾನ್ ರಕ್ತವನ್ನೂ ಹೇರಿಕೊಂಡು ವಿಶ್ವವಿದ್ಯಾಲಯಕ್ಕೆ ಬಂದ. ಕಾರ್ಲ್ ಪಾಲ್ ಲಿಂಕ್ ಅನ್ನುವ ವಿಜ್ಞಾನಿಯ ಗುಂಪು ಅದರ ಬೆನ್ನು ಹತ್ತಿ, ವರ್ಷಗಟ್ಟಲೆ ದುಡಿದು, ಆ ಮೇವಿನೊಳಗಿನ ವಸ್ತು ಯಾವುದು ಅಂತ ಕಂಡುಹಿಡಿಯಿತು. ಅದರ ತಮ್ಮನೇ ವಾರ್ಫರಿನ್. 1948ರಲ್ಲಿ ಇಲಿಗೆ, 1954ರಲ್ಲಿ ಮನುಷ್ಯರಿಗೆ. ಮರುವರ್ಷ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತವಾದಾಗ ಕೊಟ್ಟದ್ದೂ ಅದನ್ನೇ. ದೊಡ್ಡಮ್ಮ ತಿನ್ನುವ ಅಸಿಟ್ರಾಂ ಅದೇ ಮನೆತನದ್ದು.

ದೊಡ್ಡಪ್ಪ: ದನದ ಮೇವಿನಿಂದ ಬಂತು ಅನ್ನು. ಸೊಪ್ಪಿಗೂ ಅದಕ್ಕೂ ಜಗಳ ಯಾಕೆ ಅಂತ ಈಗ ಗೊತ್ತಾಯಿತು.

ಹುಡುಗಿ: ಜಗಳ ಇರುವುದು ಸೊಪ್ಪಿನೊಳಗಿನ ಕೆ ವಿಟಮಿನ್ ಜೊತೆ. ರಕ್ತ ಹೆಪ್ಪುಗಟ್ಟಿಸುವ ಕೆಲವು ವಸ್ತುಗಳನ್ನು ತಯಾರಿಸಲು ಯಕೃತ್ತಿಗೆ, ಅಂದರೆ ಲಿವರಿಗೆ, ಆ ವಿಟಮಿನ್ ಬೇಕು. ಗುಳಿಗೆ ಅದಕ್ಕೆ ಅಡ್ಡಗಾಲು ಹಾಕುತ್ತದೆ. ಸೊಪ್ಪು ಹೆಚ್ಚಾದರೆ ಅಡ್ಡಗಾಲು ಸಾಲುವುದಿಲ್ಲ.

ದೊಡ್ಡಪ್ಪ: ನನ್ನ ಪುಸ್ತಕ ನೋಡು ಬೇಕಾದರೆ. ರಕ್ತ ಎಷ್ಟು ತೆಳು ಅಂತ ಹೇಳುವ ಇವಳ ಐಎನ್‌ಆರ್ ಎರಡರಿಂದ ಮೂರರೊಳಗೆ ಇರಬೇಕು. ಆಷಾಢ ಬಂತೆಂದರೆ ಒಂದೂವರೆ. ಮೊದಲೆರಡು ವರ್ಷ ಡಾಕ್ಟರು ಗುಳಿಗೆ ಏರಿಸಿದರು, ದೀಪಾವಳಿ ಹೊತ್ತಿಗೆ ನಾಲ್ಕಕ್ಕೆ ಹೋಯಿತು, ಇಳಿಸಿದರು. ಮೂರನೇ ವರ್ಷ ನನಗೇ ಹೊಳೆಯಿತು. ಮಳೆಗಾಲದಲ್ಲಿ ಈ ಮನೆಯಲ್ಲಿ ಬೆಳಗ್ಗೆ ಕೆಸುವಿನ ಪತ್ರೊಡೆ, ಮಧ್ಯಾಹ್ನ ಒಂದೆಲಗದ ತಂಬುಳಿ, ರಾತ್ರಿ ಬಸಳೆ. ಡಾಕ್ಟರು ಹೇಳಿದ್ದೇನು? ಸೊಪ್ಪು ಪೂರ್ತಿ ಬಿಡಿ!

ಹುಡುಗಿ: ಬಿಡಿ ಅಂದದ್ದು ಸರಿಯಲ್ಲ. ಒಂದೇ ಸಮ ತಿನ್ನಿ, ಅಷ್ಟಕ್ಕೆ ಹೊಂದುವ ಹಾಗೆ ಗುಳಿಗೆ ನೋಡೋಣ ಅನ್ನಬೇಕಿತ್ತು. ವಾರಕ್ಕೆ ಎರಡು ಸಲ ತಂಬುಳಿ ಅಂದರೆ ವರ್ಷಪೂರ್ತಿ ಎರಡು ಸಲ.

ದೊಡ್ಡಪ್ಪ: ಒಂದೆಲಗಕ್ಕೆ ಹೇಳು ಅದನ್ನು, ವರ್ಷಪೂರ್ತಿ ಒಂದೇ ಸಮ ಚಿಗುರು ಅಂತ. ಒಂದು ಸಲವಂತೂ 5.4 ಬಂದಿತ್ತು. ಒಸಡಲ್ಲಿ ರಕ್ತ, ತೊಡೆ ಮೇಲೆ ನೀಲಿ. ಆಗ ಸೊಪ್ಪಿನ ತಪ್ಪಲ್ಲ. ಅಂಗಡಿಯವನು ಎರಡು ಮಿಲಿಗ್ರಾಂ ಬದಲು ನಾಲ್ಕರದ್ದು ಕೊಟ್ಟಿದ್ದ. ಪಟ್ಟಿಯ ಬಣ್ಣ ಬೇರೆ ಅಂತ ಇವಳು ಹೇಳಿದಳು, ಕಂಪನಿ ಬದಲಾಗಿರಬೇಕು ಅಂತ ನಾನು ಸುಮ್ಮನಾದೆ. ನೋಡು, ಈ ಹಳೆ ಗುಳಿಗೆ ತಪ್ಪು ಮಾಡಲಿಕ್ಕೆ ಎಷ್ಟು ಬಾಗಿಲು ತೆರೆದಿಡುತ್ತದೆ!

ಹುಡುಗಿ: ಇನ್ವಿಕ್ಟಸ್‌ನಲ್ಲೂ ಶುರುವಿನಲ್ಲಿ ಮೂರರಲ್ಲಿ ಒಬ್ಬರ ಐಎನ್‌ಆರ್ ಮಾತ್ರ ಹದ್ದಿನೊಳಗೆ ಇತ್ತು. ಆಮೇಲೂ ಹತ್ತರಲ್ಲಿ ಆರು ಜನರದ್ದು ಅಷ್ಟೇ. ಅಷ್ಟು ಎಡವುತ್ತಾ ನಡೆದ ಹಳೆ ಗುಳಿಗೆಯೇ ಮೇಲಾಗಿದ್ದು. ಹೊಸದಕ್ಕೂ ಬಾಗಿಲು ಉಂಟು. ಮೂತ್ರಪಿಂಡ ನೋಡುತ್ತಾ ಇರಬೇಕು, ಒಂದು ದಿನ ಮರೆತರೆ ಕಾವಲು ಹೋಯಿತು. ಪೇಟೆಂಟ್ ಮುಗಿದು ಈಗ ಅಗ್ಗವಾಗಿದೆ ನಿಜ, ಆದರೂ ಕೈಯಲ್ಲಿ ಕಾಸಿಲ್ಲದ ತಿಂಗಳು ಜನ ಮೊದಲು ಬಿಡುವುದು ಗುಳಿಗೆಯನ್ನೇ. ನಮ್ಮ ವಾರ್ಡಿಗೆ ಲಕ್ವ ಹೊಡೆಸಿಕೊಂಡು ಬಂದವರಲ್ಲಿ ಹಾಗೆ ಬಿಟ್ಟವರನ್ನು ನೋಡಿದ್ದೇನೆ.

ಹಂಡೆಯಲ್ಲಿ ಅಡಿಕೆ ಕುದಿಯುವ ಚೊಗರಿನ ವಾಸನೆ ಅಂಗಳಕ್ಕೆ ಬರುತ್ತಿತ್ತು. ಕಾಫಿ ಬಂತು. ಕಾಫಿ ಕುಡಿಯುತ್ತ ಹುಡುಗಿ ತಾನೇ ಕೆಣಕಿದಳು. ಅಲ್ಲಿಂದ ಮಾತು ತಿರುವುಮುರುವಾಯಿತು.

ಹುಡುಗಿ: ದೊಡ್ಡಮ್ಮನಿಗೆ ಹೊಸದು ಬೇಕು ಅನ್ನುತ್ತೀರಿ. ನಿಮ್ಮ ಬಿಪಿಗೆ ಮಾತ್ರ ಇಪ್ಪತ್ತು ವರ್ಷದ ಅಟೆನೊಲಾಲ್. ಈಗ ಬಿಪಿಗೆ ಅಂತ ಅದನ್ನು ಸಾಮಾನ್ಯವಾಗಿ ಮೊದಲು ಬರೆಯುವುದಿಲ್ಲ.

ದೊಡ್ಡಪ್ಪ: ನಿನ್ನೆ ನೀನೇ ನೋಡಿದೆಯಲ್ಲ. 132, 80. ಇನ್ನೇನು ಬೇಕು?

ಹುಡುಗಿ: ಅಂಕಿ ಇಳಿದರೆ ಸಾಲದು. 2002ರಲ್ಲಿ ಲೈಫ್ ಅಂತ ಒಂದು ಪರೀಕ್ಷೆ, ಒಂಬತ್ತು ಸಾವಿರ ಜನ. ಅಟೆನೊಲಾಲ್, ಲೊಸಾರ್ಟಾನ್ ಎರಡೂ ಬಿಪಿಯನ್ನು ಹೆಚ್ಚುಕಡಿಮೆ ಒಂದೇ ಸಮ ಇಳಿಸಿದವು, ಆದರೆ ಲೊಸಾರ್ಟಾನ್‌ನವರಲ್ಲಿ ಲಕ್ವ ಕಡಿಮೆ. 2006ರಲ್ಲಿ ಬ್ರಿಟನ್ನಿನವರು ಅಟೆನೊಲಾಲ್ ಜಾತಿಯ ಬೀಟಾ ಬ್ಲಾಕರುಗಳನ್ನು ಮೊದಲ ಸಾಲಿನಿಂದ ಕೆಳಗಿಳಿಸಿದರು.

ದೊಡ್ಡಪ್ಪ: ಆ ಒಂಬತ್ತು ಸಾವಿರ ಜನ ಎಂಥವರು?

ಹುಡುಗಿ: ಬಿಪಿಯಿಂದ ಹೃದಯದ ಎಡಭಾಗ ದಪ್ಪಗಾದವರು.

ದೊಡ್ಡಪ್ಪ: ನನ್ನ ಎಕೋ ಹೋದ ವರ್ಷ ಮಾಡಿಸಿದ್ದು. ದಪ್ಪ ಇಲ್ಲ ಅಂತ ಬರೆದಿದೆ. ಈಗ ತಾನೇ ನೀನು ಹೇಳಿದೆ, ಮೇಲಿನಮನೆಯವನಂಥವರ ಮೇಲೆ ಮಾಡಿದ ಪರೀಕ್ಷೆ ದೊಡ್ಡಮ್ಮನಿಗೆ ಆಗುವುದಿಲ್ಲ ಅಂತ. ಹಾಗಾದರೆ ದಪ್ಪ ಹೃದಯದವರದ್ದು ನನಗೆ ಹೇಗಾಗುತ್ತದೆ?

ಚಪ್ಪರದಡಿ ನಗು. ಹುಡುಗಿಯೂ ನಕ್ಕಳು, ಸ್ವಲ್ಪ ತಡವಾಗಿ.

ಹುಡುಗಿ: ಸರಿ, ಒಪ್ಪಿದೆ. ಅದೊಂದನ್ನೇ ನಂಬಿ ಅವರು ಇಳಿಸಿದ್ದಲ್ಲ, ಬೇರೆಯವೂ ಇದ್ದವು. ಇರಲಿ, ಪರೀಕ್ಷೆಯ ಮಾತು ಬಿಡಿ. ನಿಮ್ಮ ನಾಡಿ ಐವತ್ತೆರಡು. ತೋಟದಿಂದ ಮೇಲೆ ಬರುವಾಗ ಎರಡು ಕಡೆ ಕೂರುತ್ತೀರಿ, ವಯಸ್ಸಾಯಿತು ಅನ್ನುತ್ತೀರಿ. ಅದು ವಯಸ್ಸಲ್ಲದೆ ಗುಳಿಗೆಯೂ ಆಗಿರಬಹುದು.

ಇದಕ್ಕೆ ದೊಡ್ಡಪ್ಪ ತಕ್ಷಣ ಏನೂ ಹೇಳಲಿಲ್ಲ. ಒಂದು ಅಡಿಕೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಸುಲಿದರು.

ದೊಡ್ಡಪ್ಪ: ಬದಲು ಏನು ಕೊಡುತ್ತೀ?

ಹುಡುಗಿ: ಅಮ್ಲೊಡಿಪಿನ್, ಟೆಲ್ಮಿಸಾರ್ಟಾನ್, ಕ್ಲೋರ್‌ಥಾಲಿಡೋನ್. ಮೂರರಲ್ಲಿ ಯಾವುದಾದರೂ. ಕೊನೆಯದು ನಿಮ್ಮ ಅಟೆನೊಲಾಲ್‌ಗಿಂತಲೂ ಹಳೆಯದು. ಅಮೆರಿಕದಲ್ಲಿ ಮೂವತ್ತಮೂರು ಸಾವಿರ ಜನರ ಮೇಲೆ ಅದನ್ನು ಹೊಸ ಗುಳಿಗೆಗಳ ಎದುರು ನಿಲ್ಲಿಸಿ ನೋಡಿದ್ದರು, 2002ರಲ್ಲೇ. ಹೃದಯಾಘಾತ ತಡೆಯುವುದರಲ್ಲಿ ಹೊಸವು ಇದನ್ನು ಹಿಂದೆ ಹಾಕಲಿಲ್ಲ. ಹೊಸದು ಅಂತ ಮಾರುವವಳಲ್ಲ ನಾನು.

ದೊಡ್ಡಪ್ಪ: ಒಂದೊಂದೂ ಏನು ಮಾಡುತ್ತದೆ ಅದನ್ನೂ ಹೇಳು. ಸಂತೆಯಲ್ಲಿ ಎತ್ತು ಕೊಳ್ಳುವವನು ಹಲ್ಲು ಮಾತ್ರ ನೋಡುವುದಲ್ಲ, ಹಾಯುತ್ತದಾ ಅಂತಲೂ ಕೇಳುತ್ತಾನೆ.

ಹುಡುಗಿ: ಅಮ್ಲೊಡಿಪಿನ್‌ಗೆ ಕೆಲವರ ಪಾದ ಊದುತ್ತದೆ. ಕ್ಲೋರ್‌ಥಾಲಿಡೋನ್‌ಗೆ ಮೂತ್ರ ಜಾಸ್ತಿ, ವಯಸ್ಸಾದವರಲ್ಲಿ ರಕ್ತದ ಉಪ್ಪಿನಂಶ ಇಳಿದು ಮಂಕು ಬರಬಹುದು. ಟೆಲ್ಮಿಸಾರ್ಟಾನ್‌ಗೆ ಪೊಟ್ಯಾಸಿಯಂ, ಮೂತ್ರಪಿಂಡ ನೋಡಿಕೊಳ್ಳಬೇಕು.

ದೊಡ್ಡಪ್ಪ: ಕೆಳಗಿನಮನೆ ಅತ್ತಿಗೆ ಒಂಬತ್ತು ತಿಂಗಳು ಕೆಮ್ಮಿದಳು. ಟಿಬಿ ಇರಬಹುದು ಅಂತ ಕಫ ಪರೀಕ್ಷೆ, ಎಕ್ಸ್‌ರೇ, ನಾಲ್ಕು ಬಾಟಲಿ ಸಿರಪ್ಪು. ಕೊನೆಗೆ ನೋಡಿದರೆ ಬಿಪಿ ಗುಳಿಗೆಯ ಕೆಮ್ಮು!

ಹುಡುಗಿ: ಎನಲಾಪ್ರಿಲ್ಲೋ ರಾಮಿಪ್ರಿಲ್ಲೋ ಇರಬೇಕು. ಆ ಜಾತಿಗೆ ಒಣಕೆಮ್ಮು ಇದೆ. ಬ್ರೆಜಿಲ್‌ನ ಒಂದು ಹಾವಿನ ವಿಷದ ಬೆನ್ನು ಹಿಡಿದು ಹೋಗಿ ಕಂಡುಕೊಂಡ ಜಾತಿ ಅದು.

ದೊಡ್ಡಪ್ಪ: ನಮ್ಮ ಸರ್ಪಗಂಧ ಬಿಟ್ಟು ಸರ್ಪಕ್ಕೇ ಕೈ ಹಾಕಿದಿರಾ!

ಹುಡುಗಿ: ಸರ್ಪಗಂಧವೂ ಒಂದು ಕಾಲದಲ್ಲಿ ಬಿಪಿಗೆ ಹೊಸ ಔಷಧವೇ. ಬೊಂಬಾಯಿಯ ರುಸ್ತುಂ ವಕೀಲ್ 1949ರಲ್ಲಿ ಅದರ ಬಗ್ಗೆ ಬ್ರಿಟಿಷ್ ಪತ್ರಿಕೆಯಲ್ಲಿ ಬರೆದ ಮೇಲೆ ಲೋಕವೆಲ್ಲ ತಿಂದಿತು. ಕೆಲವರ ಮನಸ್ಸು ಕುಗ್ಗಿಹೋಯಿತು ಅಂತ ಆಮೇಲೆ ಬಿಟ್ಟರು. ಈಗ ಅಟೆನೊಲಾಲ್ ಏನು ಮಾಡುತ್ತೀರಿ? ನಾಳೆಯೇ ಥಟ್ಟನೆ ನಿಲ್ಲಿಸಿಬಿಡಬೇಡಿ, ನಾಡಿ ಎಗರುತ್ತದೆ. ನಿಧಾನ ಇಳಿಸಬೇಕು, ನಿಮ್ಮ ಡಾಕ್ಟರ ಹತ್ತಿರ ಮಾತಾಡಿ.

ದೊಡ್ಡಪ್ಪ: ಅಡಿಕೆ ಮುಗಿಯಲಿ.

ಹುಡುಗಿ: ಮತ್ತೆ ಆ ಸಣ್ಣ ಆಸ್ಪಿರಿನ್. ಅದನ್ನು ಬರೆದುಕೊಟ್ಟವರು ಯಾರು?

ದೊಡ್ಡಪ್ಪ: ಯಾರೂ ಇಲ್ಲ. ನನ್ನ ಜೊತೆ ಓದಿದವನು ಗದ್ದೆಬದಿಯಲ್ಲಿ ಕುಸಿದು ಹೋದ ವರ್ಷ ನಾನೇ ಶುರು ಮಾಡಿದೆ.

ಹುಡುಗಿ: ಹೃದಯಾಘಾತ ಒಮ್ಮೆ ಆದವರಿಗೆ, ಸ್ಟೆಂಟ್ ಹಾಕಿದವರಿಗೆ ಅದು ಬೇಕೇ ಬೇಕು. ಏನೂ ಆಗದವರಿಗೆ? ಆಸ್ಟ್ರೇಲಿಯಾ, ಅಮೆರಿಕದಲ್ಲಿ ಹೆಚ್ಚಾಗಿ ಎಪ್ಪತ್ತು ದಾಟಿದ ಹತ್ತೊಂಬತ್ತು ಸಾವಿರ ಜನ, ಆರೋಗ್ಯವಾಗಿದ್ದವರು, ಅವರ ಮೇಲೆ ನೋಡಿದರು. 2018ರಲ್ಲಿ ಫಲಿತಾಂಶ ಬಂತು. ಲಾಭ ಕಾಣಲಿಲ್ಲ, ರಕ್ತಸ್ರಾವ ಹೆಚ್ಚಾಯಿತು. ನೀವು ಅದರ ಮೇಲೆ ಅಡಿಕೆ ಕಾಲದಲ್ಲಿ ಸೊಂಟನೋವಿಗೆ ಅಂತ ನೋವಿನ ಮಾತ್ರೆ ಬೇರೆ ನುಂಗುತ್ತೀರಿ. ಅದು ಹೊಟ್ಟೆಯನ್ನೂ ಕೆಡಿಸುತ್ತದೆ, ಬಿಪಿಯನ್ನೂ ಏರಿಸುತ್ತದೆ.

ದೊಡ್ಡಪ್ಪ: ಅವರು ಎಪ್ಪತ್ತರ ಮೇಲೆ ಹೊಸದಾಗಿ ಶುರು ಮಾಡಿದವರು. ನಾನು ಅರವತ್ತರಿಂದ ತಿಂದು ದಕ್ಕಿಸಿಕೊಂಡವನು. ಶುರು ಮಾಡಬೇಡ ಅನ್ನುವುದೂ ತಿನ್ನುವವನಿಗೆ ನಿಲ್ಲಿಸು ಅನ್ನುವುದೂ ಒಂದೇನಾ?

ಹುಡುಗಿ: ಒಂದೇ ಅಲ್ಲ. ಆದರೂ ನನ್ನ ಅಪ್ಪ ತಿನ್ನುತ್ತಿದ್ದರೆ ನಿಲ್ಲಿಸುತ್ತಿದ್ದೆ.

ದೊಡ್ಡಪ್ಪ: ನಿಲ್ಲಿಸಿದ ಮರುದಿನ ನಾನು ಗದ್ದೆಬದಿಯಲ್ಲಿ ಬಿದ್ದರೆ?

ಹುಡುಗಿ ಉತ್ತರ ಕೊಡಲಿಲ್ಲ. ಆ ಪ್ರಶ್ನೆ ಕೇಳಿದ್ದು ಅವಳನ್ನಲ್ಲ ಎಂದು ನನಗೆ ತೋರಿತು.

ಅಷ್ಟರಲ್ಲಿ ದೊಡ್ಡಮ್ಮ ಖಾಲಿ ಬುಟ್ಟಿ ತಂದು ಇಬ್ಬರ ನಡುವೆ ಇಟ್ಟು, ಕಂಬಕ್ಕೆ ಒರಗಿ ಕೂತರು. ಇಷ್ಟು ಹೊತ್ತೂ ಯಾರ ಗುಳಿಗೆಯ ಮೇಲೆ ಪಂಚಾಯಿತಿ ನಡೆಯುತ್ತಿತ್ತೋ ಅವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ದೊಡ್ಡಮ್ಮ: ರಕ್ತ ಕೊಡುವುದು ನನಗೆ ಬೇಜಾರಿಲ್ಲ. ಸಾಗರದಲ್ಲಿ ಇಳಿದರೆ ತಂಗಿಯ ಮನೆ ಎರಡು ಹೆಜ್ಜೆ. ಬೇಜಾರಾದದ್ದು ಪತ್ರೊಡೆ ಬಿಡಿಸಿದ್ದು. ಮಾಡಿ ಬಡಿಸುವವಳು ನಾನು, ತಿನ್ನುವವರು ಇವರು.

ಹುಡುಗಿ: ತಿನ್ನು ದೊಡ್ಡಮ್ಮ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ರಕ್ತ ನೋಡಿಸಿದರಾಯಿತು.

ದೊಡ್ಡಪ್ಪ: ತಿಂಗಳಿಗೆ ಎರಡು ಸಲ ಬಸ್ಸು!

ದೊಡ್ಡಮ್ಮ: ಅದಿರಲಿ. ಇವತ್ತು ಬುಧವಾರ. ಅರ್ಧ ಗುಳಿಗೆಯೋ, ಇಡೀಯೋ?

‘ಇಡೀ’ ಎಂದಳು ಹುಡುಗಿ. ‘ಅರ್ಧ, ಮಂಗಳವಾರ ಇಡೀ’ ಎಂದರು ದೊಡ್ಡಪ್ಪ. ಹೋದ ತಿಂಗಳು ಚೀಟಿ ಬದಲಾಗಿದೆಯಲ್ಲ ಎಂದು ಒಬ್ಬರು, ಬದಲಾದದ್ದು ಶುಕ್ರವಾರದ್ದು ಎಂದು ಇನ್ನೊಬ್ಬರು. ದೊಡ್ಡಪ್ಪ ಬ್ಯಾಟರಿ ಹಿಡಿದು ಒಳಗಿನ ಗೋಡೆಯ ಕ್ಯಾಲೆಂಡರ್ ನೋಡಲು ಏಳುತ್ತಿದ್ದರು.

ದೊಡ್ಡಮ್ಮ: ಕೂತುಕೊಳ್ಳಿ. ಎಂಟು ಗಂಟೆಗೇ ಅರ್ಧ ತಿಂದಾಯಿತು. ನಿಮಗೆ ಗೊತ್ತುಂಟಾ ಅಂತ ಕೇಳಿದೆ.